ಕರಪತ್ರದ ಬಿಲ್ ಯಾರ ಹೆಸರಿಗೆ? ಚುನಾವಣೆ ಖರ್ಚು, ಕೋರ್ಟು ಮತ್ತು ಸಂಸತ್ತು

ಪ್ರಶ್ನೆ: ಉಡುಪಿಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. 2023ರ ವಿಧಾನಸಭೆ ಚುನಾವಣೆ ಹೊತ್ತಿಗೆ ಅಭ್ಯರ್ಥಿಯೊಬ್ಬರ ಕಡೆಯವರು ಬಂದು ಅವರ ಫೋಟೊ ಇರುವ ಕರಪತ್ರ ಮಾಡಿಸಿದರು. ಬಿಲ್ ಮಾತ್ರ ಅಭ್ಯರ್ಥಿ ಹೆಸರಿಗೆ ಬೇಡ, ಪಕ್ಷದ ಹೆಸರಿಗೆ ಮಾಡಿ ಎಂದರು. ‘ಪಕ್ಷದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ, ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ’ ಎಂದು ಅವರ ವಾದ. ಇದು ನಿಜವೇ? ಚುನಾವಣಾ ಬಾಂಡ್ ರದ್ದು ಮಾಡಿದ್ದೂ ಅದೇ ಕೋರ್ಟ್ ಅಲ್ವಾ? ಅಮೆರಿಕದಲ್ಲಿರುವ ನನ್ನ ಮಗ, ಅಲ್ಲಿ ಖರ್ಚಿಗೆ ಮಿತಿಯೇ ಇಲ್ಲ, ಅದಕ್ಕೂ ಕೋರ್ಟೇ ಕಾರಣ ಅನ್ನುತ್ತಾನೆ. ಈ ತೀರ್ಪುಗಳಿಂದ ನಮ್ಮ ಊರಿನ ಚುನಾವಣೆಯಲ್ಲಿ ಏನಾದರೂ ಬದಲಾಗಿದೆಯಾ? ಮುಂದಿನ ಸಲ ನಾನು ಬಿಲ್ ಯಾರ ಹೆಸರಿಗೆ ಬರೆಯಲಿ?

ಉತ್ತರ: ನಿಮ್ಮ ಅಂಗಡಿಗೆ ಬಂದವರು ಹೇಳಿದ್ದು ಇವತ್ತಿನ ಕಾನೂನಲ್ಲ. ಹಿಂದೆ, 1974ರಿಂದ 2003ರವರೆಗೆ, ಕಾನೂನು ಹೆಚ್ಚುಕಡಿಮೆ ಹಾಗೆಯೇ ಇತ್ತು. ಆದರೆ ಆಗಲೂ ಅದು ಸುಪ್ರೀಂ ಕೋರ್ಟ್ ಮಾಡಿದ ನಿಯಮ ಆಗಿರಲಿಲ್ಲ. ಕೋರ್ಟ್ ಹೇಳಿದ್ದು ಸರೀ ಉಲ್ಟಾ. ಆ ತೀರ್ಪು ನಡೆಯದಂತೆ ಮಾಡಲು ಸರ್ಕಾರ ಕಾಯ್ದೆಗೆ ಸೇರಿಸಿದ ನಾಲ್ಕು ಸಾಲನ್ನು ಜನ ಈಗಲೂ ಕೋರ್ಟಿನ ಮಾತು ಅಂದುಕೊಂಡಿದ್ದಾರೆ. ಆ ಸಾಲುಗಳು ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಇವತ್ತು ಕರಪತ್ರದಲ್ಲಿ ಅಭ್ಯರ್ಥಿಯ ಹೆಸರೋ ಫೋಟೊವೋ ಇದ್ದರೆ, ದುಡ್ಡು ಪಕ್ಷ ಕೊಟ್ಟಿದ್ದರೂ ಆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೇ ಸೇರಬೇಕು.

ಇದರ ಹಿಂದಿನ ಕತೆ ಸ್ವಲ್ಪ ಉದ್ದ ಉಂಟು. ಆದರೆ ಅದನ್ನು ತಿಳಿಯದೆ ಬಾಂಡ್ ತೀರ್ಪೂ ಅರ್ಥ ಆಗುವುದಿಲ್ಲ.

1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶ ಘೋಷಣೆ ಆಗುವ ದಿನದವರೆಗೆ ಅಭ್ಯರ್ಥಿ ಖರ್ಚಿನ ಲೆಕ್ಕ ಇಡಬೇಕು. ತಾನು ಅಥವಾ ತನ್ನ ಚುನಾವಣಾ ಏಜೆಂಟ್ ಮಾಡಿದ ಖರ್ಚು, ಜೊತೆಗೆ ತಾವು ಒಪ್ಪಿಗೆ ಕೊಟ್ಟು ಬೇರೆಯವರಿಂದ ಮಾಡಿಸಿದ ಖರ್ಚು, ಎರಡೂ ಅದರಲ್ಲಿ ಬರಬೇಕು. ಮಿತಿ ದಾಟಿದರೆ ಅದು 123ನೇ ಸೆಕ್ಷನ್‌ನಲ್ಲಿ ಭ್ರಷ್ಟ ಆಚರಣೆ. ಗೆದ್ದ ಸೀಟೇ ಹೋಗಬಹುದು. ಈಗ ಕರ್ನಾಟಕದಂಥ ರಾಜ್ಯದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ ಮಿತಿ. 2022ರ ಜನವರಿಯಲ್ಲಿ ಇದನ್ನು ಏರಿಸಿದರು.

‘ಒಪ್ಪಿಗೆ ಕೊಟ್ಟು ಮಾಡಿಸಿದ’ ಅಂದರೆ ಏನು? 1971ರ ಲೋಕಸಭಾ ಚುನಾವಣೆಯಲ್ಲಿ ದೆಹಲಿಯ ಸದರ್ ಕ್ಷೇತ್ರದಲ್ಲಿ ಸೋತ ಕನ್ವರ್ ಲಾಲ್ ಗುಪ್ತಾ, ಗೆದ್ದ ಅಮರನಾಥ ಚಾವ್ಲಾ ವಿರುದ್ಧ ಕೋರ್ಟಿಗೆ ಹೋದರು. ಪಕ್ಷ ಮಾಡಿದ ಖರ್ಚನ್ನೂ ಸೇರಿಸಿದರೆ ಮಿತಿ ದಾಟುತ್ತದೆ ಎಂದು ಅವರ ವಾದ. 1974ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಒಪ್ಪಿತು. ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಎನ್. ಭಗವತಿ. ತನಗೋಸ್ಕರ ಪಕ್ಷ ಖರ್ಚು ಮಾಡುತ್ತಿರುವುದು ಗೊತ್ತಿದ್ದೂ, ಬೇಡ ಎನ್ನದೆ ಅದರ ಲಾಭ ತಗೊಂಡರೆ, ಅಭ್ಯರ್ಥಿ ಅದಕ್ಕೆ ಒಪ್ಪಿಗೆ ಕೊಟ್ಟ ಹಾಗೆಯೇ ಎಂದರು. ದುಡ್ಡಿದ್ದ ಪಕ್ಷದ ಎದುರು ದುಡ್ಡಿಲ್ಲದ ಮನುಷ್ಯನೂ ನಿಲ್ಲುವಂತಾಗಬೇಕು, ಮಿತಿ ಇರುವುದೇ ಅದಕ್ಕಾಗಿ ಎಂಬುದು ಅವರು ಕೊಟ್ಟ ಕಾರಣ. ಚುನಾವಣೆ ಖರ್ಚಿನ ಬಗ್ಗೆ ನಮ್ಮಲ್ಲಿ ಬಂದ ತೀರ್ಪುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದು. ನಮ್ಮ ಸಾಮಾನ್ಯ ಬುದ್ಧಿಗೆ ಹೊಳೆಯುವುದನ್ನೇ ಕಾನೂನಿನ ಮಾತಿನಲ್ಲಿ ಹೇಳಿದೆ.

ಅದೇ ತಿಂಗಳು ಸುಗ್ರೀವಾಜ್ಞೆ ಬಂತು. 77ನೇ ಸೆಕ್ಷನ್‌ಗೆ ‘ವಿವರಣೆ’ ಎಂದು ನಾಲ್ಕು ಸಾಲು ಸೇರಿಸಿದರು. ಯಾವ ಕೋರ್ಟಿನ ಯಾವ ತೀರ್ಪು ಏನೇ ಹೇಳಿದ್ದರೂ, ಪಕ್ಷವೋ ಸ್ನೇಹಿತರೋ ಬೇರೆ ಯಾರೋ ಮಾಡಿದ ಖರ್ಚು ಅಭ್ಯರ್ಥಿಯ ಖರ್ಚಲ್ಲ ಎಂದು ಅದರ ಅರ್ಥ. ಆಮೇಲೆ ಸಂಸತ್ತು ಅದನ್ನೇ ಕಾಯ್ದೆ ಮಾಡಿತು. ಇದು ಸಂವಿಧಾನಕ್ಕೆ ವಿರುದ್ಧ ಎಂದು ಕೇರಳದಿಂದ ಬಂದ ಅರ್ಜಿಯನ್ನು 1985ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆಗ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್. ಹೆಸರು ನೆನಪಿಟ್ಟುಕೊಳ್ಳಿ.

ಆ ನಾಲ್ಕು ಸಾಲು ಏನು ಮಾಡಿದವು ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. 1990ರ ದಶಕದಲ್ಲಿ ಮಂಗಳೂರಿನಲ್ಲಿ ವಕೀಲಿಕೆ ಶುರು ಮಾಡಿದ ಹೊಸತರಲ್ಲಿ, ಒಬ್ಬ ಅಭ್ಯರ್ಥಿಯ ಲೆಕ್ಕ ಬರೆಯುವ ಕೆಲಸಕ್ಕೆ ನನ್ನನ್ನು ಕೂರಿಸಿದರು. ಹಂಪನಕಟ್ಟೆ ಹತ್ತಿರ ಒಂದು ಮಾಳಿಗೆ ಮೇಲಿನ ರೂಮು. ಮೇಜಿನ ಮೇಲೆ ಎರಡು ಫೈಲು. ಸಂಜೆ ಹುಡುಗರು ಜೀಪಿನ ಬಾಡಿಗೆ, ಪೆಟ್ರೋಲು, ಮೈಕ್‌ಸೆಟ್ಟು, ಶಾಮಿಯಾನ, ಊಟದ ಬಿಲ್ಲು ತಂದು ಸುರಿಯುತ್ತಿದ್ದರು. ಹಿರಿಯರೊಬ್ಬರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಒಂದೊಂದೇ ಬಿಲ್ಲು ಎತ್ತಿ ಎಡಕ್ಕೆ, ಬಲಕ್ಕೆ ಹಾಕುವರು. ಎಡಗಡೆಯದು ಅಭ್ಯರ್ಥಿಯ ಫೈಲು, ತೆಳ್ಳಗೆ. ಬಲಗಡೆಯದು ಪಕ್ಷದ್ದು, ಹಗ್ಗ ಕಟ್ಟಿದರೂ ನಿಲ್ಲದಷ್ಟು ದಪ್ಪ. ಒಂದೇ ಜೀಪು ಬೆಳಿಗ್ಗೆ ಓಡಿದ್ದು ಎಡಕ್ಕೆ, ಮಧ್ಯಾಹ್ನ ಓಡಿದ್ದು ಬಲಕ್ಕೆ ಹೋಗುತ್ತಿತ್ತು. ಇದು ಸರಿಯಾ ಅಂತ ಕೇಳಿದೆ. ಅವರು ಕಾಯ್ದೆ ಪುಸ್ತಕ ತೆಗೆದು ಆ ವಿವರಣೆಯ ಮೇಲೆ ಬೆರಳಿಟ್ಟು, ‘ಪುಸ್ತಕದಲ್ಲೇ ಉಂಟಲ್ಲ ಮಾರಾಯ’ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಕಾನೂನು ಅಷ್ಟು ದೊಡ್ಡ ಬಾಗಿಲು ತೆರೆದಿಟ್ಟಿತ್ತು. ನಾನು ಸಹಿ ಹಾಕಿಸಿಕೊಂಡು ಬಂದ ಲೆಕ್ಕ ಕಾಗದದ ಮೇಲೆ ಸರಿಯಾಗಿತ್ತು, ನಡೆದ ಚುನಾವಣೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆ ಸಂಕಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಈ ವಿಷಯವನ್ನು ಇಷ್ಟು ವರ್ಷ ಹಿಂಬಾಲಿಸಿಕೊಂಡು ಬಂದದ್ದಕ್ಕೂ ಅದೇ ಕಾರಣ.

ಆ ಬಾಗಿಲನ್ನು ಸ್ವಲ್ಪ ಮುಚ್ಚಿದ್ದು 1996ರ ತೀರ್ಪು. ‘ಕಾಮನ್ ಕಾಸ್’ ಎಂಬ ಸಂಸ್ಥೆಯ ಅರ್ಜಿಯದು. ಪಕ್ಷಗಳಿಗೆ ಆದಾಯ ತೆರಿಗೆ ವಿನಾಯಿತಿ ಉಂಟು, ಆದರೆ ಅದಕ್ಕೆ ಲೆಕ್ಕ ಇಟ್ಟು ರಿಟರ್ನ್ ಸಲ್ಲಿಸಬೇಕು. ಎಷ್ಟೋ ಪಕ್ಷಗಳು ವರ್ಷಗಟ್ಟಲೆ ಅದನ್ನು ಮಾಡಿರಲಿಲ್ಲ. ಸರಿಯಾದ ಲೆಕ್ಕವನ್ನೇ ಇಡದ ಪಕ್ಷದ ಹೆಸರು ಹೇಳಿ ಅಭ್ಯರ್ಥಿ ಆ ವಿವರಣೆಯ ಲಾಭ ಪಡೆಯುವಂತಿಲ್ಲ ಎಂದು ಕೋರ್ಟ್ ಹೇಳಿತು. ಚುನಾವಣಾ ಆಯೋಗ ಪಕ್ಷಗಳಿಂದ ಖರ್ಚಿನ ವಿವರ ಕೇಳಬಹುದು ಎಂದೂ ಹೇಳಿತು. ಈಗ ಪಕ್ಷಗಳು ವಿಧಾನಸಭೆ ಚುನಾವಣೆ ಮುಗಿದ 75 ದಿನದೊಳಗೆ, ಲೋಕಸಭೆ ಚುನಾವಣೆ ಮುಗಿದ 90 ದಿನದೊಳಗೆ ಆಯೋಗಕ್ಕೆ ಲೆಕ್ಕ ಕೊಡುವ ಪದ್ಧತಿ ಬಂದದ್ದು ಆ ತೀರ್ಪಿನ ಬೆನ್ನಿಗೇ.

ಕೊನೆಗೆ 2003ರಲ್ಲಿ ಸಂಸತ್ತೇ ಆ ಹಳೆಯ ವಿವರಣೆಯನ್ನು ಕಿತ್ತು ಬೇರೆ ಹಾಕಿತು. ಈಗ ಲೆಕ್ಕದಿಂದ ಹೊರಗೆ ಉಳಿಯುವುದು ಮುಖ್ಯವಾಗಿ ಪಕ್ಷದ ತಾರಾ ಪ್ರಚಾರಕರ ಪ್ರಯಾಣದ ಖರ್ಚು. ಮಾನ್ಯತೆ ಪಡೆದ ಪಕ್ಷಕ್ಕೆ ಅಂಥವರು 40 ಮಂದಿ, ಮಾನ್ಯತೆ ಇಲ್ಲದ ನೋಂದಾಯಿತ ಪಕ್ಷಕ್ಕೆ 20. ಅಭ್ಯರ್ಥಿಯ ಹೆಸರಿಲ್ಲದೆ ಪಕ್ಷ ತನ್ನ ಬಗ್ಗೆ ಮಾಡಿಕೊಳ್ಳುವ ಪ್ರಚಾರವೂ ಯಾವ ಅಭ್ಯರ್ಥಿಯ ತಲೆಗೂ ಬರುವುದಿಲ್ಲ. ಒಬ್ಬ ನಿರ್ದಿಷ್ಟ ಅಭ್ಯರ್ಥಿಗಾಗಿ ಮಾಡಿದ್ದು ಮಾತ್ರ ಅವನ ಲೆಕ್ಕಕ್ಕೇ. ಅಂದರೆ 1974ರಲ್ಲಿ ಭಗವತಿ ಹೇಳಿದ್ದರ ಮುಕ್ಕಾಲು ಭಾಗ 29 ವರ್ಷ ತಡವಾಗಿ ಕಾನೂನಾಯಿತು.

ಇದು ನೆಲದ ಮೇಲೆ ಹೇಗೆ ನಡೆಯುತ್ತದೆ ನೋಡಿ. ನೆಹರೂ ಮೈದಾನದಲ್ಲಿ ದೊಡ್ಡ ನಾಯಕರೊಬ್ಬರ ಸಭೆ ಅಂತಿಟ್ಟುಕೊಳ್ಳಿ. ಅವರು ಹೆಲಿಕಾಪ್ಟರ್‌ನಲ್ಲಿ ಬಂದ ಖರ್ಚು ಪಕ್ಷದ್ದು. ಆದರೆ ವೇದಿಕೆ ಮೇಲೆ ಅಭ್ಯರ್ಥಿಗಳು ಕೂತರು, ಅಥವಾ ಅವರ ಫೋಟೊ ಬ್ಯಾನರಿನಲ್ಲಿ ಬಂತು ಎಂದಾದರೆ ಶಾಮಿಯಾನ, ಕುರ್ಚಿ, ಮೈಕು ಎಲ್ಲದರ ಖರ್ಚು ಆ ಅಭ್ಯರ್ಥಿಗಳ ನಡುವೆ ಹಂಚಿಕೆ ಆಗುತ್ತದೆ. ನಾಲ್ವರು ಕೂತಿದ್ದರೆ ನಾಲ್ಕು ಪಾಲು. ಇದನ್ನು ನೋಡಿಕೊಳ್ಳಲು ವೆಚ್ಚ ವೀಕ್ಷಕರು, ವಿಡಿಯೊ ತಂಡ, ಲೆಕ್ಕದ ತಂಡ ಇರುತ್ತದೆ. ವಿಡಿಯೊ ನೋಡಿ ಕುರ್ಚಿ ಎಣಿಸುತ್ತಾರೆ. ಟೀ ಎಷ್ಟು, ಕುರ್ಚಿ ಬಾಡಿಗೆ ಎಷ್ಟು, ಫ್ಲೆಕ್ಸ್ ಚದರಡಿಗೆ ಎಷ್ಟು ಎಂದು ಜಿಲ್ಲಾ ಚುನಾವಣಾಧಿಕಾರಿ ಮೊದಲೇ ದರಪಟ್ಟಿ ಮಾಡಿರುತ್ತಾರೆ. ಆ ದರದಲ್ಲಿ ಗುಣಿಸಿ ತಮ್ಮದೇ ಒಂದು ಪುಸ್ತಕ ಬರೆಯುತ್ತಾರೆ. ಶ್ಯಾಡೋ ರಿಜಿಸ್ಟರ್ ಅನ್ನುತ್ತಾರೆ ಅದಕ್ಕೆ.

ಅಭ್ಯರ್ಥಿಯ ಪುಸ್ತಕದಲ್ಲಿ ಮೂರು ಬಣ್ಣದ ಹಾಳೆಗಳು: ದಿನದ ಖರ್ಚಿಗೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಪ್ರಚಾರದ ದಿನಗಳಲ್ಲಿ ಮೂರು ಸಲ ಅದನ್ನು ತಂದು ತೋರಿಸಬೇಕು. ಕೆಲವು ವರ್ಷಗಳ ಹಿಂದೆ ಕಕ್ಷಿದಾರರೊಬ್ಬರ ಜೊತೆ ನಾನೂ ಅಂಥ ತಪಾಸಣೆಗೆ ಹೋಗಿದ್ದೆ. ನಮ್ಮ ಬಿಳಿ ಹಾಳೆಯಲ್ಲಿ ಒಂದು ಸಭೆಗೆ 200 ಕುರ್ಚಿ. ಅವರ ಪುಸ್ತಕದಲ್ಲಿ 600. ಲೆಕ್ಕದ ತಂಡದ ಹುಡುಗಿ ಲ್ಯಾಪ್‌ಟಾಪ್ ತಿರುಗಿಸಿ ವಿಡಿಯೊ ನಿಲ್ಲಿಸಿ, ಸಾಲು ಸಾಲಾಗಿ ಪೆನ್ನಿನ ತುದಿ ಇಟ್ಟು ಎಣಿಸಿ ತೋರಿಸಿದಳು. ಒಂದೂ ಮಾತಾಡಲಿಲ್ಲ, ಎಣಿಸಿದಳು ಅಷ್ಟೇ. ನಾವು ಅಲ್ಲೇ ತಿದ್ದಿ ಸಹಿ ಹಾಕಿದೆವು. ಹಂಪನಕಟ್ಟೆಯ ಆ ಎರಡು ಫೈಲು ನೋಡಿದವನಿಗೆ ಇದು ಎಷ್ಟು ದೊಡ್ಡ ಬದಲಾವಣೆ ಅಂತ ಹೇಳಿ ಮುಗಿಯದು.

ಈ ವಿಡಿಯೊ ತಂಡ, ದರಪಟ್ಟಿ, ಕೇರಳ ಕಡೆಯ ತಲಪಾಡಿ ಗಡಿಯಲ್ಲಿ ಕಾರು ನಿಲ್ಲಿಸಿ ದುಡ್ಡು ನೋಡುವ ತಂಡ, ಇವೆಲ್ಲ ಕಾಯ್ದೆಯಲ್ಲಿ ಹೀಗೇ ಬರೆದಿಲ್ಲ. ಆಯೋಗ ತನ್ನ ಸೂಚನೆಗಳ ಮೂಲಕ ಮಾಡಿಕೊಂಡದ್ದು. ಅದಕ್ಕೆ ಆ ಬಲ ಎಲ್ಲಿಂದ ಬಂತು? ಸಂವಿಧಾನದ 324ನೇ ವಿಧಿಯಿಂದ. ಆ ವಿಧಿಯನ್ನು ಅಷ್ಟು ಅಗಲವಾಗಿ ಓದಿದ್ದೂ ಕೋರ್ಟೇ. 1977ರ ಡಿಸೆಂಬರ್‌ನಲ್ಲಿ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ, ಕಾಯ್ದೆ ಸುಮ್ಮನಿರುವ ಕಡೆ ನ್ಯಾಯವಾದ ಚುನಾವಣೆಗೆ ಬೇಕಾದ್ದನ್ನು ಆಯೋಗ ಮಾಡಬಹುದು ಎಂದು ಹೇಳಿತು. ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ನಮ್ಮ ಪಕ್ಕದ ತಲಶ್ಶೇರಿಯಲ್ಲೇ ವಕೀಲಿಕೆ ಮಾಡಿದವರು. ಕಾಯ್ದೆ ಮಾತಾಡಿರುವ ಕಡೆ ಮಾತ್ರ ಆಯೋಗ ಅದನ್ನು ಮೀರುವಂತಿಲ್ಲ.

ತಲಪಾಡಿಯ ವಿಷಯ ಬಂದದ್ದರಿಂದ ಒಂದು ಮಾತು. ಮೀನಿನ ವ್ಯಾಪಾರಿಗಳು, ಅಡಿಕೆ ಮಂಡಿಯವರು ಚುನಾವಣೆ ಹೊತ್ತಿಗೆ ಬಹಳ ಕಷ್ಟಪಡುತ್ತಾರೆ. 50 ಸಾವಿರ ರೂಪಾಯಿಗಿಂತ ಜಾಸ್ತಿ ನಗದು ಇದ್ದರೆ ಬಿಲ್ಲು, ಬ್ಯಾಂಕ್ ಚೀಟಿ ಜೊತೆಗಿರಲಿ. ಹಿಡಿದ ದುಡ್ಡಿಗೂ ಚುನಾವಣೆಗೂ ಸಂಬಂಧ ಇಲ್ಲದಿದ್ದರೆ ಬಿಡಿಸಿಕೊಡಲು ಪ್ರತಿ ಜಿಲ್ಲೆಯಲ್ಲೂ ಮೂವರು ಅಧಿಕಾರಿಗಳ ಸಮಿತಿ ಇರುತ್ತದೆ. ಅದು ಗೊತ್ತಿಲ್ಲದೆ ವಾರಗಟ್ಟಲೆ ಅಲೆದವರನ್ನು ನಾನು ಕಂಡಿದ್ದೇನೆ.

ಈಗ ನಿಮ್ಮ ಪ್ರಶ್ನೆಯ ಬಿಸಿ ಭಾಗಕ್ಕೆ ಬರೋಣ. 1974ರ ತೀರ್ಪನ್ನು ಅದೇ ತಿಂಗಳು ಅಳಿಸಲು ಆಯಿತು. ಬಾಂಡ್ ತೀರ್ಪನ್ನು ಹಾಗೆ ಅಳಿಸಲು ಏಕೆ ಆಗಲಿಲ್ಲ?

1974ರಲ್ಲಿ ಕೋರ್ಟ್ ಮಾಡಿದ್ದು ಕಾಯ್ದೆಯ ಒಂದು ಪದಕ್ಕೆ ಅರ್ಥ ಹೇಳುವ ಕೆಲಸ. ‘ಒಪ್ಪಿಗೆ’ ಅಂದರೆ ಇದು ಎಂದಿತು. ಕಾಯ್ದೆ ಬರೆಯುವುದು ಸಂಸತ್ತು. ಅದರ ಅರ್ಥ ಹಾಗಲ್ಲ, ಹೀಗೆ ಅಂತ ಸಂಸತ್ತು ಮತ್ತೆ ಬರೆದರೆ ಮುಗಿಯಿತು. ಆದರೆ ಕೋರ್ಟ್ ತನ್ನ ತೀರ್ಪನ್ನು ಸಂವಿಧಾನದ ಮೂಲಭೂತ ಹಕ್ಕಿನ ಮೇಲೆ ನಿಲ್ಲಿಸಿದರೆ, ಸಾಮಾನ್ಯ ಕಾಯ್ದೆಯಿಂದ ಅದನ್ನು ಅಲುಗಿಸಲು ಆಗುವುದಿಲ್ಲ. ಈ ವ್ಯತ್ಯಾಸ ಮೊದಲು ಕಣ್ಣಿಗೆ ಬಿದ್ದದ್ದು 2002–03ರಲ್ಲಿ.

ಚುನಾವಣಾ ಸುಧಾರಣೆಗೆ ಕೆಲಸ ಮಾಡುವ ಎಡಿಆರ್ ಎಂಬ ಸಂಸ್ಥೆ ಕೇಳಿದ್ದು ಇಷ್ಟೇ: ಅಭ್ಯರ್ಥಿಯ ಮೇಲೆ ಯಾವ ಕ್ರಿಮಿನಲ್ ಕೇಸಿದೆ, ಆಸ್ತಿ ಎಷ್ಟು, ಸಾಲ ಎಷ್ಟು, ಏನು ಓದಿದ್ದಾನೆ, ಇದನ್ನು ಮತದಾರನಿಗೆ ಹೇಳಬೇಕು. 2002ರ ಮೇ 2ರಂದು ಸುಪ್ರೀಂ ಕೋರ್ಟ್ ಹೌದು ಎಂದಿತು. ಕಾರಣ, ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯದಲ್ಲೇ ತಿಳಿಯುವ ಹಕ್ಕೂ ಸೇರಿದೆ. ಮತ ಹಾಕುವುದೂ ಒಂದು ರೀತಿಯ ಮಾತು. ಏನೂ ತಿಳಿಯದೆ ಆಡಿದ ಮಾತಿಗೆ ಅರ್ಥ ಏನು? ಆಗಲೂ ಸರ್ಕಾರದವರು ಹಳೆಯ ದಾರಿಯನ್ನೇ ಹಿಡಿದರು. ಅದೇ ಆಗಸ್ಟ್‌ನಲ್ಲಿ ಸುಗ್ರೀವಾಜ್ಞೆ ಬಂತು. ಕಾಯ್ದೆಗೆ 33ಬಿ ಎಂಬ ಸೆಕ್ಷನ್ ಸೇರಿತು. ಯಾವ ಕೋರ್ಟಿನ ತೀರ್ಪಿದ್ದರೂ, ಈ ಕಾಯ್ದೆಯಲ್ಲಿ ಹೇಳಿದ್ದು ಬಿಟ್ಟು ಬೇರೇನನ್ನೂ ಅಭ್ಯರ್ಥಿ ಹೇಳಬೇಕಿಲ್ಲ ಎಂದು. 1974ರ ಅದೇ ಭಾಷೆ. ಆದರೆ ಈ ಸಲ ನಡೆಯಲಿಲ್ಲ. 2003ರ ಮಾರ್ಚ್ 13ರಂದು ಕೋರ್ಟ್ 33ಬಿಯನ್ನು ಹೊಡೆದುಹಾಕಿತು. ಇವತ್ತು ಕಾಪು, ಕುಂದಾಪುರ, ಬೈಂದೂರಿನ ಅಭ್ಯರ್ಥಿಯ ಆಸ್ತಿ ವಿವರ ನೀವು ಮೊಬೈಲಿನಲ್ಲೇ ಓದುತ್ತೀರಲ್ಲ, ಅದು ಬಂದದ್ದು ಹೀಗೆ. 2018ರಲ್ಲಿ ಅದಕ್ಕೆ ಆದಾಯದ ಮೂಲವೂ ಸೇರಿತು, ಗಂಡ ಹೆಂಡತಿ, ಅವಲಂಬಿತರದ್ದೂ ಸೇರಿ.

ಇದಕ್ಕೂ ಒಂದು ಎಲ್ಲೆ ಉಂಟು. ಮನೆಯ ಒಂದೊಂದು ವಸ್ತುವನ್ನೂ ಅಭ್ಯರ್ಥಿ ಹೇಳಬೇಕಿಲ್ಲ, ಅವನಿಗೂ ಖಾಸಗಿತನ ಇದೆ ಎಂದು 2024ರ ಏಪ್ರಿಲ್‌ನಲ್ಲಿ ಅರುಣಾಚಲದ ಒಂದು ಪ್ರಕರಣದಲ್ಲಿ ಕೋರ್ಟ್ ಹೇಳಿತು. ದೊಡ್ಡ ಬೆಲೆಯದ್ದೋ, ಜೀವನಶೈಲಿ ತೋರಿಸುವಂಥದ್ದೋ ಆದರೆ ಹೇಳಲೇಬೇಕು. ನನಗೆ ಇದು ಸರಿ ಅನಿಸುತ್ತದೆ.

ಬಾಂಡಿನ ಕತೆಯೂ ಇದೇ ನೆಲದ ಮೇಲೆ ನಿಂತದ್ದು. 2017ರ ಹಣಕಾಸು ಕಾಯ್ದೆಯಲ್ಲಿ ಹಲವು ಕಾನೂನುಗಳನ್ನು ಒಟ್ಟಿಗೆ ತಿದ್ದಿದರು. 20 ಸಾವಿರಕ್ಕಿಂತ ಜಾಸ್ತಿ ಕೊಟ್ಟವರ ಹೆಸರನ್ನು ಪಕ್ಷಗಳು ಆಯೋಗಕ್ಕೆ ಹೇಳಬೇಕಿತ್ತು. ಚುನಾವಣಾ ಬಾಂಡ್, ಅಂದರೆ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಡುವ, ಕೊಟ್ಟವರ ಹೆಸರಿಲ್ಲದ ಪತ್ರದ ಮೂಲಕ ಕೊಟ್ಟರೆ ಹೇಳಬೇಕಿಲ್ಲ ಎಂದಾಯಿತು. ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 7.5ರಷ್ಟು ಮಾತ್ರ ಕೊಡಬಹುದಿತ್ತು. ಆ ಮಿತಿ ಹೋಯಿತು. ನಷ್ಟದಲ್ಲಿರುವ ಕಂಪನಿಯೂ ಕೊಡಬಹುದು ಎಂದಾಯಿತು. ಪಾರದರ್ಶಕತೆಗೆ ಇದು ಹಿನ್ನಡೆ ಎಂದು ಚುನಾವಣಾ ಆಯೋಗ ಆ ವರ್ಷವೇ ಕಾನೂನು ಸಚಿವಾಲಯಕ್ಕೆ ಬರೆದಿತ್ತು. ಆದರೂ 2018ರ ಜನವರಿಯಲ್ಲಿ ಯೋಜನೆ ಬಂತು. ಸಾವಿರ ರೂಪಾಯಿಯಿಂದ ಒಂದು ಕೋಟಿವರೆಗಿನ ಬಾಂಡುಗಳು. ಎಸ್‌ಬಿಐಯಲ್ಲಿ ಕೊಂಡು ಪಕ್ಷಕ್ಕೆ ಕೊಡುವುದು, ಪಕ್ಷ 15 ದಿನದೊಳಗೆ ನಗದು ಮಾಡಿಕೊಳ್ಳುವುದು. ಒಟ್ಟು 16 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಬಾಂಡು ಮಾರಾಟ ಆಯಿತು.

ನಮ್ಮ ಊರಿನವರಿಗೆ ಇದು ಎಷ್ಟು ವಿಚಿತ್ರ ಅಂತ ಹೇಳಬೇಕಿಲ್ಲ. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಠೇವಣಿ ಶುರುವಾದಾಗ ದಿನಕ್ಕೆ ಎರಡಾಣೆ ಕಟ್ಟುವ ಹೂವಿನವಳ, ಬೀಡಿ ಕಟ್ಟುವವಳ ಹೆಸರೂ ಪುಸ್ತಕದಲ್ಲಿ ಇರುತ್ತಿತ್ತು. ಏಜೆಂಟು ಮನೆ ಬಾಗಿಲಿಗೆ ಬಂದು ಬರೆದುಕೊಂಡು, ಅವರ ಪುಸ್ತಕದಲ್ಲೂ ಬರೆದುಕೊಟ್ಟು ಹೋಗುತ್ತಿದ್ದ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ಕರ್ನಾಟಕ, ವಿಜಯ, ಐದೂ ಬ್ಯಾಂಕುಗಳು ಹುಟ್ಟಿದ್ದು ಉಡುಪಿಯೂ ಸೇರಿದ್ದ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ. ದುಡ್ಡು ಎಲ್ಲಿಂದ ಬಂತು ಎಂದು ಬರೆಯದ ಪುಸ್ತಕವನ್ನು ಇಲ್ಲಿ ಯಾರೂ ಪುಸ್ತಕ ಅನ್ನುವುದಿಲ್ಲ.

2024ರ ಫೆಬ್ರುವರಿ 15ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಒಮ್ಮತದಿಂದ ಯೋಜನೆಯನ್ನು ರದ್ದು ಮಾಡಿತು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. 1985ರಲ್ಲಿ ಆ ವಿವರಣೆಯನ್ನು ಎತ್ತಿಹಿಡಿದ ವೈ.ವಿ. ಚಂದ್ರಚೂಡರ ಮಗ. ಪಕ್ಷಕ್ಕೆ ಯಾರು ಎಷ್ಟು ಕೊಟ್ಟರು ಎಂದು ತಿಳಿಯುವುದು ಮತದಾರನ ಹಕ್ಕು, ಏಕೆಂದರೆ ದುಡ್ಡು ಕೊಟ್ಟವನಿಗೆ ಅಧಿಕಾರದ ಬಾಗಿಲು ಬೇಗ ತೆರೆಯುತ್ತದೆ ಎಂದರು. ಕೊಡುವವರ ಖಾಸಗಿತನದ ವಾದವನ್ನೂ ತೂಗಿ ನೋಡಿದರು. ಸಾಮಾನ್ಯ ಮನುಷ್ಯ ಕೊಡುವುದು ಬೆಂಬಲದ ಗುರುತಾಗಿರಬಹುದು. ಕಂಪನಿ ಕೊಡುವುದು ಮಾತ್ರ ವ್ಯಾಪಾರ, ಏನನ್ನೋ ಬಯಸಿ ಕೊಡುವಂಥದ್ದು ಎಂದು ಬೇರೆ ಮಾಡಿ ಹೇಳಿದರು. ಕಂಪನಿ ದೇಣಿಗೆಯ ಮಿತಿ ತೆಗೆದದ್ದನ್ನೂ ರದ್ದು ಮಾಡಿದರು.

ಆಮೇಲೆ ನಡೆದದ್ದು ನಿಮಗೆ ನೆನಪಿರಬಹುದು. ಬಾಂಡು ಯಾರು ಕೊಂಡರು, ಯಾರು ಪಡೆದರು ಎಂಬ ವಿವರ ಕೊಡಲು ಎಸ್‌ಬಿಐ ಜೂನ್ 30ರವರೆಗೆ ಸಮಯ ಕೇಳಿತು. ಲೋಕಸಭಾ ಚುನಾವಣೆ ಅಷ್ಟು ಹೊತ್ತಿಗೆ ಮುಗಿದೇ ಹೋಗುತ್ತಿತ್ತು. ಮಾರ್ಚ್ 11ರಂದು ಕೋರ್ಟ್ ಅದನ್ನು ತಳ್ಳಿಹಾಕಿ, ಮರುದಿನವೇ ಕೊಡಿ ಎಂದಿತು. ಮಾರ್ಚ್ 14ಕ್ಕೆ ಆಯೋಗದ ವೆಬ್‌ಸೈಟಿನಲ್ಲಿ ಕೊಂಡವರ ಪಟ್ಟಿ, ಪಡೆದವರ ಪಟ್ಟಿ ಬಂತು. ಎರಡನ್ನೂ ಜೋಡಿಸಿ ನೋಡಲು ಬೇಕಾದ ಬಾಂಡಿನ ನಂಬರು ಮಾರ್ಚ್ 21ಕ್ಕೆ ಬಂತು. ಆ ರಾತ್ರಿ ನಾನೂ ಪಟ್ಟಿ ತೆರೆದು ಕೂತಿದ್ದೆ. ಒಂದು ನಂಬರು ಎಡಗಡೆ ಹುಡುಕಿ, ಅದೇ ನಂಬರು ಬಲಗಡೆ ಸಿಕ್ಕಾಗ ಮೈ ಜುಂ ಎಂದಿತು.

ನಿಮ್ಮ ಮಗ ಹೇಳಿದ್ದು ಹೆಚ್ಚುಕಡಿಮೆ ಸರಿ. ಅಮೆರಿಕದ ಸುಪ್ರೀಂ ಕೋರ್ಟ್ 1976ರ ಬಕ್ಲಿ ಪ್ರಕರಣದಲ್ಲಿ, ಅಭ್ಯರ್ಥಿಗೆ ಕೊಡುವ ದೇಣಿಗೆಗೆ ಮಿತಿ ಇರಬಹುದು, ಮಾಡುವ ಖರ್ಚಿಗೆ ಇರಬಾರದು ಎಂದಿತು. ಪ್ರಚಾರಕ್ಕೆ ದುಡ್ಡು ಸುರಿಯುವುದೂ ಮಾತಾಡಿದ ಹಾಗೆ, ಅದನ್ನು ತಡೆದರೆ ಬಾಯಿ ಕಟ್ಟಿದ ಹಾಗೆ ಎಂದು ಅವರ ತರ್ಕ. 2010ರಲ್ಲಿ ಸಿಟಿಜನ್ಸ್ ಯುನೈಟೆಡ್ ಪ್ರಕರಣದಲ್ಲಿ, ಕಂಪನಿಗಳು ಅಭ್ಯರ್ಥಿಗೆ ಸಂಬಂಧಪಡದೆ ಸ್ವತಂತ್ರವಾಗಿ ಮಾಡುವ ಖರ್ಚಿಗೂ ಅದು ಅನ್ವಯಿಸಿತು. 5–4ರ ತೀರ್ಪು. ನೋಡಿ, ಅಲ್ಲೂ ಇಲ್ಲೂ ಹಿಡಿದದ್ದು ವಾಕ್ ಸ್ವಾತಂತ್ರ್ಯವನ್ನೇ. ಅಲ್ಲಿ ಅದು ಖರ್ಚು ಮಾಡುವವನ ಹಕ್ಕಾಯಿತು, ಇಲ್ಲಿ ಮತ ಹಾಕುವವಳ ಹಕ್ಕಾಯಿತು. ನಮ್ಮ ಕೋರ್ಟ್ ಆ ದಾರಿ ಹಿಡಿದದ್ದಕ್ಕೆ ನಾನು ಋಣಿ.

ಹಾಗಂತ ಎಲ್ಲ ಸರಿಹೋಗಿದೆ ಎಂದು ನಾನು ಹೇಳುವುದಿಲ್ಲ. ಅಭ್ಯರ್ಥಿಗೆ 40 ಲಕ್ಷದ ಮಿತಿ, ಪಕ್ಷಕ್ಕೆ ಇವತ್ತಿಗೂ ಮಿತಿಯೇ ಇಲ್ಲ. ಮಿತಿ ಹಾಕಬೇಕಾದ್ದು ಸಂಸತ್ತು. ತಿಳಿಯುವ ಹಕ್ಕಿನಿಂದ ಲೆಕ್ಕ ಹೊರಗೆ ತರಿಸಬಹುದು, ಇಷ್ಟೇ ಖರ್ಚು ಮಾಡಿ ಎಂದು ಪಕ್ಷಕ್ಕೆ ಹೇಳಲು ಆ ಹಕ್ಕು ಸಾಲುವುದಿಲ್ಲ. 20 ಸಾವಿರದ ಕೆಳಗಿನ ದೇಣಿಗೆಗೆ ಹೆಸರು ಹೇಳಬೇಕಿಲ್ಲ ಎಂಬುದೂ ಹಾಗೇ ಉಳಿದಿದೆ. ಬ್ರಹ್ಮಕಲಶೋತ್ಸವಕ್ಕೆ, ಯಕ್ಷಗಾನದ ಆಟಕ್ಕೆ, ಕಂಬಳಕ್ಕೆ ವರ್ಷವಿಡೀ ಹರಿಯುವ ದುಡ್ಡು ನಾಮಪತ್ರಕ್ಕಿಂತ ಮುಂಚಿನದ್ದಾದರೆ ಯಾವ ಹಾಳೆಯಲ್ಲೂ ಬರುವುದಿಲ್ಲ.

ಕೋರ್ಟಿನ ವೇಗದ ವಿಷಯವಂತೂ ನೋವಿನದ್ದು. ಗೆದ್ದವರ ಆಯ್ಕೆಯನ್ನು ಪ್ರಶ್ನಿಸುವುದಾದರೆ ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಬೇಕು. ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಹಾಸನದ 2019ರ ಲೋಕಸಭಾ ಆಯ್ಕೆಯನ್ನು ಆಸ್ತಿ ವಿವರ ಮುಚ್ಚಿಟ್ಟರೆಂಬ ಕಾರಣಕ್ಕೆ ನಮ್ಮ ಹೈಕೋರ್ಟ್ ಅಸಿಂಧು ಮಾಡಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅಷ್ಟು ಹೊತ್ತಿಗೆ ಮುಂದಿನ ಚುನಾವಣೆಯೇ ಬಾಗಿಲಿಗೆ ಬಂದಿತ್ತು.

ತಕರಾರು ಅರ್ಜಿ ಒಂದೇ ದಾರಿಯಲ್ಲ. ಲೆಕ್ಕ ಸರಿಯಾಗಿ ಕೊಡದವರನ್ನು ಆಯೋಗವೇ 10ಎ ಸೆಕ್ಷನ್‌ನಲ್ಲಿ ಮೂರು ವರ್ಷ ಅನರ್ಹ ಮಾಡಬಹುದು. ಮೊದಲು ಇದ್ದ ವಾದ, ಫಾರಂ ಸರಿಯಾಗಿ ತುಂಬಿ ಸಮಯಕ್ಕೆ ಕೊಟ್ಟರೆ ಸಾಕು, ಒಳಗಿನದ್ದು ನಿಜವೋ ಸುಳ್ಳೋ ಆಯೋಗ ನೋಡುವಂತಿಲ್ಲ ಎಂದು. 2014ರ ಮೇನಲ್ಲಿ ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಲೆಕ್ಕ ನಿಜವೇ ಎಂದು ಆಯೋಗ ವಿಚಾರಿಸಬಹುದು ಎಂದಿತು. ಹಂಪನಕಟ್ಟೆಯ ರೂಮಿನಲ್ಲಿ ನಾನು ಬರೆದ ಲೆಕ್ಕದಂಥದ್ದು ಇವತ್ತು ಬರೀ ಕಾಗದ ಸರಿಯಿದೆ ಎಂಬ ಕಾರಣಕ್ಕೆ ಉಳಿಯುವುದಿಲ್ಲ. ಜಾರ್ಖಂಡದ ಮಾಜಿ ಮುಖ್ಯಮಂತ್ರಿ ಮಧು ಕೋಡಾ 2017ರಲ್ಲಿ ಅನರ್ಹರಾದದ್ದು ಖರ್ಚಿನ ಲೆಕ್ಕ ಸರಿಯಾಗಿ ಕೊಡಲಿಲ್ಲ ಎಂಬ ಕಾರಣಕ್ಕೇ.

ಇನ್ನು ನಿಮ್ಮ ಬಿಲ್ಲು. ಯಾರು ಆರ್ಡರು ಕೊಟ್ಟು ದುಡ್ಡು ಕೊಡುತ್ತಾರೋ ಅವರ ಹೆಸರಿಗೇ ಬರೆಯಿರಿ. ಪಕ್ಷ ಕೊಟ್ಟರೆ ಪಕ್ಷದ ಹೆಸರು, ತೊಂದರೆ ಇಲ್ಲ. ಆದರೆ ಬಿಲ್ಲಿನಲ್ಲಿ ಏನು ಮುದ್ರಿಸಿದಿರಿ, ಯಾವ ಅಭ್ಯರ್ಥಿಯದು, ಎಷ್ಟು ಪ್ರತಿ ಎಂದು ಸ್ಪಷ್ಟ ಬರೆಯಿರಿ. ಸುಮ್ನೆ ‘ಮುದ್ರಣ ವೆಚ್ಚ’ ಎಂದು ಬರೆಯಬೇಡಿ. ಅದನ್ನು ಅಭ್ಯರ್ಥಿಯ ಹಾಳೆಗೆ ತರುವುದು ಅವರ ಕೆಲಸ, ತರದಿದ್ದರೆ ಶ್ಯಾಡೋ ರಿಜಿಸ್ಟರ್‌ನವರ ಕೆಲಸ. ನಿಮ್ಮ ಮೇಲೆ ನೇರವಾಗಿ ಬರುವುದು 127ಎ ಸೆಕ್ಷನ್. ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಮುದ್ರಿಸುವ ಮೊದಲು ಪ್ರಕಾಶಕರಿಂದ ಘೋಷಣೆ ಬರೆಸಿಕೊಳ್ಳಿ, ಅವರನ್ನು ಬಲ್ಲ ಇಬ್ಬರ ಸಹಿ ಇರಲಿ. ಘೋಷಣೆಯ ಒಂದು ಪ್ರತಿ, ಕರಪತ್ರದ ಪ್ರತಿ ಮಣಿಪಾಲದ ಡಿಸಿ ಕಚೇರಿಗೆ ಕಳಿಸಿ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಅಥವಾ ಎರಡು ಸಾವಿರದವರೆಗೆ ದಂಡ, ಅಥವಾ ಎರಡೂ ಆಗಬಹುದು.

2023ರ ಆ ಬಿಲ್ಲು ಎಲ್ಲಿ ಹೋಯಿತು ಅಂತ ನಿಮಗೆ ಕುತೂಹಲ ಇದ್ದರೆ ಅದಕ್ಕೂ ದಾರಿ ಉಂಟು. ಫಲಿತಾಂಶದ 30 ದಿನದೊಳಗೆ ಪ್ರತಿ ಅಭ್ಯರ್ಥಿಯೂ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು. 1961ರ ಚುನಾವಣಾ ನಿಯಮಗಳ 88ನೇ ನಿಯಮದ ಪ್ರಕಾರ ಯಾರು ಬೇಕಾದರೂ ಒಂದು ರೂಪಾಯಿ ಶುಲ್ಕ ಕಟ್ಟಿ ಅದನ್ನು ನೋಡಬಹುದು. ಇಂಥ ಅಭ್ಯರ್ಥಿಯ ಖರ್ಚಿನ ಲೆಕ್ಕ ನೋಡಬೇಕು ಎಂದು ಅರ್ಜಿ ಬರೆದುಕೊಂಡು ಹೋಗಿ. ನಿಮ್ಮ ಬಿಲ್ ನಂಬರು, ತಾರೀಕು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಬಿಳಿ ಹಾಳೆಗಳಲ್ಲಿ ಆ ತಾರೀಕಿನ ಎದುರು ಹುಡುಕಿ.